ಮೂರು ಕಣ್ಣಿನ ಗೂಬೆಯ ವಿಷಯವಾಗಿ ಕಡಲಾಮೆಯವರ ಸನ್ನಿಧಾನಕ್ಕೆ

ಮಾನ್ಯರೇ,

ಸಮಸ್ತ ಭೂಮಂಡಲದ ನಾಗರಿಕರು ಕೈಯಲ್ಲಿರುವ ಕೆಲಸ ಬಿಟ್ಟು ಎದ್ದು ನಿಂತು ಕೇಳಬೇಕಾದ ಸುದ್ದಿಯೊಂದನ್ನು ತಮ್ಮ ಮೂಲಕ ಘೋಷಿಸಲು ಅಪ್ಪಣೆ ಬೇಡುತ್ತೇನೆ: ಇಂದು ಬೆಳಿಗ್ಗೆ, ನಮ್ಮ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ, ಬೂದು ಬಣ್ಣದ ಸ್ವೆಟರೊಂದರ ಎದೆಯ ಮೇಲೆ, ಗೂಬೆಯೊಂದು ಎರಡು ಕಣ್ಣುಗಳೊಂದಿಗೆ ಮೂಡಿಬಂದಿದೆ. ಎರಡೇ ಎರಡು. ಎಡಕ್ಕೊಂದು, ಬಲಕ್ಕೊಂದು, ನಡುವೆ ಕೊಕ್ಕು. ಗೂಬೆಗಳಲ್ಲಿ ಇದು ರೂಢಿಯೇ ಅಲ್ಲವೇ ಎಂದು ತಾವು ಕೇಳಬಹುದು. ಈಚಿನ ಕೆಲವು ವಾರಗಳಿಂದ ಆ ಮನೆಯಲ್ಲಿ ರೂಢಿ ಬೇರೆಯೇ ಇತ್ತು. ಅದಕ್ಕೆ ಕಾರಣನಾದ, ತಮ್ಮ ಬಳಗದಲ್ಲಿ ಆಯಕಟ್ಟಿನ ಜಾಗದಲ್ಲಿ ಕುಳಿತಿರುವ ಒಬ್ಬ ಬೇಜವಾಬ್ದಾರಿ ಮನುಷ್ಯನ ಮೇಲೆ ದೂರು ಸಲ್ಲಿಸುವುದಕ್ಕಾಗಿಯೇ ಈ ಬಹಿರಂಗ ಪತ್ರ.

ದೂರಿಗೆ ಮೊದಲು ಕ್ಷೇಮ ವಿಚಾರಿಸುವುದು ಮರ್ಯಾದೆ. ತೊಂದರೆಯೇನೆಂದರೆ ತಾವು ಯಾರೆಂಬುದೇ ನನಗೆ ತಿಳಿಯದು. ಹಳೆಯ ಕಂಪ್ಯೂಟರುಗಳ ಮೇಲೂ ಓಡಬಲ್ಲಂಥ ಆಪರೇಟಿಂಗ್ ಸಿಸ್ಟಮ್ಮೊಂದನ್ನು ಬರೆದು, ತಿದ್ದಿ, ಅದರ ಒಳಗುಟ್ಟನ್ನೆಲ್ಲ ಬಯಲಿಗಿಟ್ಟು, ಕೇಳಿದವರಿಗೂ ಕೇಳದವರಿಗೂ ಪುಕ್ಕಟೆ ಹಂಚುವ ಬಳಗದ ಮುಖ್ಯಸ್ಥರು ತಾವು ಎಂದು ಗೊತ್ತು. 'ಕಡಲಾಮೆ' ಎಂದು ಸಹಿ ಮಾಡುತ್ತೀರಿ ಎಂದು ಗೊತ್ತು. ಅದರಾಚೆಗೆ ತಾವು ನಿವೃತ್ತರೋ ವಿದ್ಯಾರ್ಥಿಯೋ, ಮೀಸೆ ತಿರುವುವವರೋ ಜಡೆ ಹೆಣೆಯುವವರೋ, ಹಗಲೆಲ್ಲ ಯಾವ ಕಚೇರಿಯಲ್ಲಿ ಯಾರ ಬೈಗುಳ ತಿಂದು ಸಂಜೆ ಮನೆಗೆ ಬಂದು ನಮ್ಮಂಥವರ ಬೈಗುಳ ತಿನ್ನಲು ಕೂರುತ್ತೀರೋ, ದೇವರೇ ಬಲ್ಲ. ಸಂಬಳವಿಲ್ಲದೆ ದುಡಿಯುವವರನ್ನು ಬೈಯುವುದರಲ್ಲಿ ಇರುವ ಸುಖ ಸಂಬಳ ಪಡೆಯುವವರನ್ನು ಬೈಯುವುದರಲ್ಲಿ ಇಲ್ಲ, ಸ್ವಾಮಿ. ಎರಡನೆಯವರು ಫೋನನ್ನೇ ಎತ್ತುವುದಿಲ್ಲ. ತಾವಾದರೋ ಪ್ರತಿಯೊಂದಕ್ಕೂ ಉತ್ತರ ಬರೆಯುತ್ತೀರಿ. ಈ ಒಳ್ಳೆಯತನವೇ ತಮಗೆ ಮುಳುವಾಗಿದೆ ಎಂದು ಸವಿನಯವಾಗಿ ತಿಳಿಸುತ್ತೇನೆ.

ಇನ್ನು ಸಂತ್ರಸ್ತರ ಪರಿಚಯ. ನನ್ನ ಅಕ್ಕ ಶಾಲಾಮಕ್ಕಳ ಸ್ವೆಟರ್ ಹೆಣೆಯುತ್ತಾಳೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಉದ್ದನೆಯ ಹೆಣಿಗೆ ಯಂತ್ರ, ಅದರಲ್ಲಿ ಶಿಸ್ತಾಗಿ ಸಾಲು ನಿಂತ ಸೂಜಿಗಳು, ಅವುಗಳ ಮೇಲೆ ಅತ್ತಿಂದಿತ್ತ ಎಳೆಯುವ ಹಿಡಿ. ಮಂಚದ ಕೆಳಗೆ ನೂಲಿನ ಉಂಡೆಗಳು, ಮಂಚದ ಮೇಲೆ ತೋಳಿಲ್ಲದ ಸ್ವೆಟರುಗಳು ಮತ್ತು ಸ್ವೆಟರಿಲ್ಲದ ತೋಳುಗಳು. ಮನೆಗೆ ಬಂದ ನೆಂಟರು ನಿಂತೇ ಮಾತಾಡಿ ಹೋಗುತ್ತಾರೆ. ಸ್ವೆಟರಿನ ಎದೆಯ ಮೇಲೆ ಶಾಲೆಯ ಲಾಂಛನ ಬರಬೇಕಲ್ಲ, ಅದು ಗೂಬೆ. ಶಾಲೆಯವರು ಅದನ್ನು ಜ್ಞಾನದ ಗುರುತು ಎನ್ನುತ್ತಾರೆ, ಮಕ್ಕಳು ಗಣಿತದ ಮೇಷ್ಟ್ರ ಗುರುತು ಎನ್ನುತ್ತಾರೆ. ಯಾವ ಸಾಲಿನಲ್ಲಿ ಯಾವ ಸೂಜಿಗೆ ಕಪ್ಪು ನೂಲು, ಯಾವುದಕ್ಕೆ ಬೂದು ಎಂದು ಯಂತ್ರಕ್ಕೆ ಒಂದೊಂದೇ ಸಾಲಾಗಿ ಹೇಳಿಕೊಡುವುದು ಪಕ್ಕದ ಮೇಜಿನ ಮೇಲಿರುವ ಕಂಪ್ಯೂಟರು.

ಈ ಕಂಪ್ಯೂಟರು ಒಂದು ಕಾಲಕ್ಕೆ ಬಿಳಿಯ ಬಣ್ಣದ್ದಾಗಿತ್ತು ಎಂದು ಹಿರಿಯರು ಹೇಳುತ್ತಾರೆ. ಈಗ ಉಜ್ಜದ ಹಲ್ಲಿನ ಬಣ್ಣ. ಆನ್ ಮಾಡಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ಗೊಣಗುತ್ತದೆ, ಒಲೆಯ ಮೇಲಿಟ್ಟ ಹಾಲು ಉಕ್ಕುವ ಹೊತ್ತಿಗೆ ಎಚ್ಚರಗೊಳ್ಳುತ್ತದೆ. ಆದರೆ ಅದರ ಬೆನ್ನಿನಲ್ಲಿ ಒಂಬತ್ತು ಕಡ್ಡಿಗಳ ಒಂದು ಕಿಂಡಿ ಇದೆ, ಹೆಣಿಗೆ ಯಂತ್ರದ ತಂತಿ ಕೂರುವುದು ಆ ಕಿಂಡಿಯಲ್ಲಿ ಮಾತ್ರ. ಈಗಿನ ಕಂಪ್ಯೂಟರುಗಳಿಗೆ ಆ ಕಿಂಡಿಯೇ ಇಲ್ಲ. ನಡುವೆ ಸಿಕ್ಕಿಸುವ ಬಗೆಬಗೆಯ ಕೊಂಡಿಗಳನ್ನು ತಂದು ನೋಡಿದೆವು. ಯಂತ್ರ ಅವನ್ನು ಮೂಸಿಯೂ ನೋಡಲಿಲ್ಲ. ಯಂತ್ರ ಮಾಡಿದ ಕಂಪನಿ ಬಾಗಿಲು ಹಾಕಿಕೊಂಡು ಯಾವುದೋ ಕಾಲವಾಗಿದೆ. ರಿಪೇರಿ ಅಂಗಡಿಯವನಿಗೆ ತೋರಿಸಿದಾಗ ಅವನು ಕಂಪ್ಯೂಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದನ್ನ ರಿಪೇರಿ ಮಾಡಕ್ಕಾಗಲ್ಲ ಸಾರ್, ಬೇಕಾದ್ರೆ ಒಂದು ಫೋಟೊ ತೆಕ್ಕೋತೀನಿ" ಎಂದು ಗೌರವದಿಂದ ಕಳಿಸಿಕೊಟ್ಟ. ಹೊಸದು ಕೊಳ್ಳಿ ಎಂದು ಉಪದೇಶ ಮಾಡುವವರಿಗೆಲ್ಲ ನಮ್ಮ ಭಾವ ಒಂದು ಉತ್ತರ ಬಾಯಿಪಾಠ ಮಾಡಿಟ್ಟುಕೊಂಡಿದ್ದಾರೆ: "ಕಂಪ್ಯೂಟರ್ ಬದಲಾಯಿಸಿದ್ರೆ ಯಂತ್ರ ಬದಲಾಯಿಸ್ಬೇಕು. ಯಂತ್ರ ಬದಲಾಯಿಸಿದ್ರೆ ಮನೆ ಮಾರ್ಬೇಕು. ಮನೆ ಮಾರಿದ್ರೆ ಯಂತ್ರ ಎಲ್ಲಿಡೋದು, ನಿಮ್ಮ ತಲೆ ಮೇಲಾ?"

ಹಾಗಾದರೆ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡು ಸುಮ್ಮನಿರಬಾರದೇ ಎಂದು ಕೇಳುವ ಜಾಣರೂ ಇದ್ದಾರೆ. ಇರಬಹುದಿತ್ತು. ಆದರೆ ಶಾಲೆಯವರು ಪ್ರತಿ ವರ್ಷ ಲಾಂಛನದ ಚಿತ್ರವನ್ನೂ ಮಕ್ಕಳ ಅಳತೆಗಳನ್ನೂ ಇ-ಮೇಲಿನಲ್ಲಿ ಕಳಿಸುತ್ತಾರೆ, ಇ-ಮೇಲಿನವರು ಸುರಕ್ಷತೆಯ ಹೆಸರಿನಲ್ಲಿ ಆಗಾಗ್ಗೆ ಬಾಗಿಲ ಬೀಗ ಬದಲಾಯಿಸುತ್ತಾರೆ, ಹಳೆಯ ಆವೃತ್ತಿ ಹಳೆಯ ಬೀಗದಕೈ ಹಿಡಿದುಕೊಂಡು ಹೊರಗೇ ನಿಲ್ಲುತ್ತದೆ. ಪೆನ್‌ಡ್ರೈವಿನಲ್ಲಿ ಹೊತ್ತು ತರೋಣವೆಂದರೆ, ಅದನ್ನು ಸಿಕ್ಕಿಸುವ ತೂತಿನೊಳಗೆ ಅಕ್ಕನ ಮಗಳು ಚಿಕ್ಕಂದಿನಲ್ಲಿ ಪೆನ್ಸಿಲನ್ನು ಚೂಪು ಮಾಡಿ ಇಳಿಸಿ ಮುರಿದಿದ್ದಾಳೆ. ಅವಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಆದ್ದರಿಂದ ಹಳೆಯ ಮೈಗೆ ಹೊಸ ಆವೃತ್ತಿ ಬೇಕು, ಹೊಸ ಆವೃತ್ತಿಗೆ ಹಳೆಯ ಮೈಯ ನೆನಪಿರಬೇಕು, ಮತ್ತು ಈ ಲೋಕದಲ್ಲಿ ಆ ನೆನಪು ಇಟ್ಟುಕೊಂಡಿರುವವರು ತಾವೊಬ್ಬರೇ.

ಅಥವಾ ಹಾಗೆಂದು ನಾವು ನಂಬಿದ್ದೆವು. ಹಿಂದೊಮ್ಮೆ ತಾವು ಬಳಗದ ಪತ್ರವ್ಯವಹಾರದಲ್ಲಿ ಒಂದು ಪುಟ್ಟ ಪ್ರಕಟಣೆ ಹೊರಡಿಸಿದಿರಿ: ಒಂಬತ್ತು ಕಡ್ಡಿಯ ಕಿಂಡಿಯ ಹಿಂದಿರುವ ಇಂತಿಂಥ ಹಳೆಯ ಎಲೆಕ್ಟ್ರಾನಿಕ್ ಚಿಪ್ಪನ್ನು ಈಗ ಯಾರೂ ಬಳಸುತ್ತಿರುವಂತೆ ಕಾಣುವುದಿಲ್ಲ, ಯಾರಿಂದಲೂ ದೂರು ಬಂದಿಲ್ಲ, ಆದ್ದರಿಂದ ಅದಕ್ಕೆ ಸಂಬಂಧಿಸಿದ ಭಾಗವನ್ನು ಮುಂದಿನ ಆವೃತ್ತಿಯಿಂದ ತೆಗೆಯಲಾಗುವುದು. ಅದನ್ನು ಓದಿ ನನ್ನ ರಕ್ತ ಕುದಿಯಿತು. ದೂರು ಬರದಿರುವುದೇ ದೋಷವೇ? ಹಾಗಾದರೆ ಸುಖವಾಗಿ ಬಾಳುತ್ತಿರುವ ಗಂಡಹೆಂಡಿರನ್ನೆಲ್ಲ ಬೇರ್ಪಡಿಸುವಿರಾ? ನಾನು ಅಂಕಣಕಾರ, ಪ್ರಾಸ ಬಲ್ಲವನು, ಬರೆದೆ. ಹಳೆಯದನ್ನು ಎಸೆಯುವ ನಾಗರಿಕತೆಯ ಬಗ್ಗೆ ಬರೆದೆ, ಸೂಜಿಯ ಬಗ್ಗೆ ಬರೆದೆ, ನೂಲಿನ ಬಗ್ಗೆ ಬರೆದೆ, ತಮ್ಮ ಹೃದಯವೂ ಒಂದು ಹಳೆಯ ಚಿಪ್ಪೇ ಅಲ್ಲವೇ ಎಂದು ಕೇಳಿದೆ, ಆ ವಾಕ್ಯ ಬರೆದು ನಾನೇ ಕಣ್ಣೊರೆಸಿಕೊಂಡೆ. ತಮ್ಮ ಉತ್ತರ ಬಂದದ್ದು ಚಿಕ್ಕದಾಗಿ. "ಧನ್ಯವಾದ. ತಮ್ಮ ಕಾಳಜಿ ಸಂತೋಷ ತಂದಿತು. ಈ ಭಾಗಕ್ಕೆ ತಮ್ಮನ್ನು ಪಾಲಕರನ್ನಾಗಿ ಸೇರಿಸಲಾಗಿದೆ."

ದೂರು ಕೊಟ್ಟವನ ಕೊರಳಿಗೇ ಗಂಟೆ ಕಟ್ಟುವ ಈ ಪದ್ಧತಿ ತಮ್ಮ ಲೋಕದಲ್ಲಿ ಹಳೆಯದಂತೆ. ನಮಗೆ ಹೊಸದು. ನಾನು ಮನೆಯವರನ್ನೆಲ್ಲ ಕರೆದು ಕೂರಿಸಿ, ಅಂದರೆ ಸ್ವೆಟರುಗಳ ನಡುವೆ ನಿಲ್ಲಿಸಿ, ನನ್ನ ನೇಮಕದ ವಾರ್ತೆಯನ್ನು ಓದಿ ಹೇಳಿದೆ. ಭಾವ ಬೆರಗಾದರು. "ಬೈದವನಿಗೇ ಅಧಿಕಾರ ಕೊಡ್ತಾರಾ? ಹಾಗಿದ್ರೆ ಇಷ್ಟು ಹೊತ್ತಿಗೆ ನಾನು ಕರೆಂಟ್ ಆಫೀಸಿಗೆ ದೊಡ್ಡ ಸಾಹೇಬ ಆಗಿರ್ಬೇಕಿತ್ತು." ಅಕ್ಕ ಮಾತ್ರ ಹಿಡಿ ಎಳೆಯುವುದನ್ನು ನಿಲ್ಲಿಸದೆಯೇ, "ಪಾಲಕ ಅಂದ್ರೆ ಏನು ಮಾಡ್ಬೇಕೋ?" ಎಂದಳು. ನೋಡಿಕೊಳ್ಳಬೇಕು ಎಂದೆ. "ನೀನು ಇಲ್ಲಿಗೆ ಬಂದಾಗಲೆಲ್ಲ ಛತ್ರಿ ಮರೆತು ಹೋಗ್ತೀಯ. ಪಾಪ, ಆ ಚಿಪ್ಪು" ಎಂದಳು. ಹೊರಗಿನ ಲೋಕ ನಮ್ಮನ್ನು ಗುರುತಿಸಿದಾಗ ಮನೆಯವರಿಗೆ ಅದು ಅರ್ಥವಾಗದು ಎಂಬ ಮಾತು ನೆನಪಾಗಿ ಸಮಾಧಾನ ತಂದುಕೊಂಡೆ.

ಪಾಲಕನ ಕೆಲಸವನ್ನು ತಾವು ಸರಳವಾಗಿ ವಿವರಿಸಿದ್ದಿರಿ: ಪ್ರತಿ ಹೊಸ ಆವೃತ್ತಿ ಹೊರಬರುವ ಮುನ್ನ ಅದನ್ನು ನಿಜವಾದ ಹಳೆಯ ಕಂಪ್ಯೂಟರಿನ ಮೇಲೆ ಓಡಿಸಿ ನೋಡಿ, 'ಪರೀಕ್ಷಿಸಿದ್ದೇನೆ' ಎಂದು ಸಹಿ ಹಾಕಬೇಕು. ಇಷ್ಟೇ. ಆದರೆ ನಿಜವಾದ ಹಳೆಯ ಕಂಪ್ಯೂಟರು ಅಕ್ಕನದು, ಮತ್ತು ಆವೃತ್ತಿ ಹೊರಬರುವ ಕಾಲ ಸ್ವೆಟರಿನ ಕಾಲ. ನಾನು ಬಾಗಿಲಲ್ಲಿ ನಿಂತು, ಲೋಕಹಿತದ ದೃಷ್ಟಿಯಿಂದ ಒಂದರ್ಧ ದಿನ ಕಂಪ್ಯೂಟರನ್ನು ಬಿಟ್ಟುಕೊಡಬೇಕೆಂದು ಕೋರಿದಾಗ ಬಂದ ಉತ್ತರ ಹೀಗಿತ್ತು: "ಲೋಕ ಸ್ವೆಟರ್ ಹಾಕ್ಕೊಂಡು ಕೂತಿರುತ್ತಾ? ಮೊದಲು ಮಕ್ಕಳದ್ದು ಮುಗೀಲಿ. ಆಮೇಲೆ ನಿನ್ನ ಆಟ." ಆಮೇಲೆ ಎಂದರೆ ತಮ್ಮ ಗಡುವು ಮುಗಿದ ಮೇಲೆ. ಆಗ ನನ್ನೊಳಗಿನ ತಂತ್ರಜ್ಞ ಎಚ್ಚರಗೊಂಡ. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಒಂದು ತಂತ್ರಾಂಶವಿದೆ. ಅದು ಹಳೆಯ ಕಂಪ್ಯೂಟರಿನ ವೇಷ ಹಾಕಿ ನಟಿಸಬಲ್ಲದು. ಹಳೆಯ ಚಿಪ್ಪಾಗಿ ನಟಿಸು ಎಂದೆ, ನಟಿಸಿತು. ಒಂಬತ್ತು ಕಡ್ಡಿಯ ಕಿಂಡಿಯಾಗು ಎಂದೆ, ಆಯಿತು. ಹೊಸ ಆವೃತ್ತಿ ಆ ವೇಷಧಾರಿಯ ಮೇಲೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಓಡಿತು. ನಾನು ಸೋಫಾದ ಮೇಲೆ ಕಾಲು ನೀಡಿಕೊಂಡು, 'ಪರೀಕ್ಷಿಸಿದ್ದೇನೆ. ಅತ್ಯುತ್ತಮವಾಗಿದೆ' ಎಂದು ಸಹಿ ಹಾಕಿದೆ. ಅಡುಗೆ ಪುಸ್ತಕದ ಪುಟ ನೆಕ್ಕಿ, ಉಪ್ಪು ಹದವಾಗಿದೆ ಎಂದಂತೆ.

ತಾವು ನಂಬಿದಿರಿ. ಮಾನ್ಯರೇ, ತಾವು ಏಕೆ ನಂಬಿದಿರಿ? ಹೃದಯವನ್ನು ಚಿಪ್ಪಿಗೆ ಹೋಲಿಸುವ ಮನುಷ್ಯನನ್ನು ಯಾರಾದರೂ ನಂಬುತ್ತಾರೆಯೇ?

ಆವೃತ್ತಿ ಹೊರಬಂತು. ಈ ಸಲ ಶಾಲೆಯ ಇ-ಮೇಲು ಹಳೆಯ ಆವೃತ್ತಿಯಲ್ಲಿ ತೆರೆಯದೇ ಹೋದದ್ದರಿಂದ ನಾನೇ ಮುಂದೆ ನಿಂತು, ತೋಳು ಮಡಿಚಿ, ಅಕ್ಕನ ಕಂಪ್ಯೂಟರಿಗೆ ಹೊಸದನ್ನು ಹಾಕಿದೆ. ಮೊದಲ ಸ್ವೆಟರು ಹೆಣೆದು ನೋಡಿದೆವು. ಗೂಬೆ ತುಂಬು ಗಾಂಭೀರ್ಯದಿಂದ, ನೆಟ್ಟ ನೋಟದಿಂದ ಬಂತು. "ಪರವಾಗಿಲ್ವೋ ನೀನು" ಎಂದಳು ಅಕ್ಕ; ಹುಟ್ಟಿದಂದಿನಿಂದ ಅವಳ ಬಾಯಲ್ಲಿ ನಾನು ಕೇಳಿದ ಅತಿದೊಡ್ಡ ಹೊಗಳಿಕೆ ಅದು. ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಹೋದೆ. ಮರುದಿನದಿಂದ ಗೂಬೆಗಳು ಬದಲಾಗತೊಡಗಿದವು. ಒಂದಕ್ಕೆ ಹಣೆಯಲ್ಲಿ ಮೂರನೆಯ ಕಣ್ಣು. ಇನ್ನೊಂದಕ್ಕೆ ಕಣ್ಣು ಸರಿ, ಕೊಕ್ಕು ಕಿವಿಯ ಜಾಗಕ್ಕೆ ಹೋಗಿತ್ತು. ಮತ್ತೊಂದು ಗೂಬೆಯೇ ಅಲ್ಲ, ಯಾರೋ ಪರಿಚಿತರ ಹಾಗಿತ್ತು; ಭಾವ ಅದನ್ನು ಬೆಳಕಿಗೆ ಹಿಡಿದು, "ಇವರನ್ನ ಎಲ್ಲೋ ನೋಡಿದೀನಲ್ಲ" ಎಂದರು. ಎರಡು ಗೂಬೆಗಳು ಒಂದೇ ಥರ ಇರಲಿಲ್ಲ. ಅಕ್ಕ ನನ್ನನ್ನು ಕರೆಸಿದಳು. ನಾನು ಪರೀಕ್ಷಿಸಿ ಸಹಿ ಹಾಕಿದ ಆವೃತ್ತಿಯಲ್ಲಿ ತಪ್ಪಿರಲು ಸಾಧ್ಯವೇ ಇಲ್ಲವಾದ್ದರಿಂದ, ಹಿಡಿಯನ್ನು ನೀನು ಅವಸರದಲ್ಲಿ ಎಳೆದಿರಬೇಕು, ಈಚೆಗೆ ನಿನ್ನ ಕನ್ನಡಕದ ನಂಬರೂ ಬದಲಾಗಿರಬೇಕು ಎಂದು ಅನುಮಾನ ವ್ಯಕ್ತಪಡಿಸಿದೆ. ನಾನು ಮಗ್ಗಿ ಕಲಿಯುವ ಮೊದಲೇ ಹೆಣಿಗೆ ಕಲಿತ ಹೆಂಗಸಿನ ಮೇಲೆ ಹೀಗೆ ಗೂಬೆ ಕೂರಿಸುವ ಧೈರ್ಯ ಮಾಡಿದ್ದು ನಮ್ಮ ವಂಶದಲ್ಲಿ ನಾನೇ ಮೊದಲಿಗ. ಅಕ್ಕ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನು ನೋಡಿದಳು. ಆ ನೋಟಕ್ಕೆ ಹೋಲಿಸಿದರೆ ಮೂರು ಕಣ್ಣಿನ ಗೂಬೆ ಸೌಮ್ಯ.

ಶಾಲೆಯ ಮುಖ್ಯೋಪಾಧ್ಯಾಯಿನಿ ತಾವಾಗಿಯೇ ಬಂದರು. ಒಂದೊಂದೇ ಸ್ವೆಟರು ಎತ್ತಿ ನೋಡಿದರು. ಬಯ್ಯಲಿಲ್ಲ, ಮೇಷ್ಟ್ರುಗಳು ಬಯ್ಯದಿದ್ದರೆ ಅದು ಇನ್ನೂ ಕೆಟ್ಟದ್ದು. "ನೋಡೀಮ್ಮ, ನಿಮ್ಮ ಕೈ ಮೇಲೆ ನಂಗೆ ನಂಬಿಕೆ ಇದೆ. ಆದ್ರೆ ಕಮಿಟಿಯವರು ಫ್ಯಾಕ್ಟರಿ ಮಾಲೇ ತರಿಸೋಣ ಅಂತ ತುದಿಗಾಲಲ್ಲಿ ನಿಂತಿದಾರೆ. ಚಳಿ ಬರೋದ್ರೊಳಗೆ ಇದನ್ನೆಲ್ಲ ಸರಿ ಮಾಡ್ಕೊಡಿ, ಮುಂದಿನ ವರ್ಷನೂ ನಿಮಗೇ ಕೊಡಿಸ್ತೀನಿ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಆಗಲ್ಲ" ಎಂದು ಹೇಳಿ, ಹೋಗುವಾಗ ಕೊಕ್ಕು ಕಿವಿಗೆ ಹೋಗಿದ್ದ ಒಂದನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಕಮಿಟಿಗೆ ತೋರಿಸಲೋ, ಮೊಮ್ಮಗುವಿಗೆ ಹಾಕಲೋ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಕ್ಕನ ಮನೆಯ ವರ್ಷದ ಗಂಜಿ ಆ ಒಂದು ಶಾಲೆಯ ಸ್ವೆಟರುಗಳಲ್ಲಿದೆ, ಮಾನ್ಯರೇ. ಭಾವ ಅಂದು ಒಂದೂ ತಮಾಷೆ ಮಾಡಲಿಲ್ಲ.

ಅಕ್ಕ ಆಗ ಹೇಳಿದಳು: "ನಿಮ್ಮ ಆ ಗುಂಪಲ್ಲಿ ಹಿರಿಯರು ಅಂತ ಯಾರೂ ಇಲ್ವೇನೋ? ಅವರಿಗೆ ಬರಿ. ನನ್ನ ಹೆಸರಲ್ಲಿ ಬರಿ. ನಾನು ಹೇಳ್ತೀನಿ." ಸಹಿ ಹಾಕಿದವನು ನಾನೇ ಎಂದು ಹೇಳುವ ಧೈರ್ಯವಾಗದೆ ನಾನು ಅವಳದೇ ಕಂಪ್ಯೂಟರಿನ ಮುಂದೆ ಕೂತೆ. "ಇದನ್ನ ಪರೀಕ್ಷೆ ಮಾಡಿದೀನಿ ಅಂತ ಸಹಿ ಹಾಕಿದೋನು ಯಾರು? ಅವನಿಗೆ ಕಣ್ಣು ಎಷ್ಟಿವೆ ಅಂತ ಕೇಳು" ಎಂದಳು. 'ಪರೀಕ್ಷಕರ ದೃಷ್ಟಿಶಕ್ತಿಯ ಕುರಿತು ಮಾಹಿತಿ ಕೋರುತ್ತೇವೆ' ಎಂದು ಟೈಪ್ ಮಾಡಿದೆ. "ಅವನು ಅನ್ನ ತಿಂತಾನೋ ನೂಲು ತಿಂತಾನೋ ಕೇಳು" ಎಂದಳು. 'ಅವರ ಆಹಾರಕ್ರಮದ ಬಗ್ಗೆಯೂ ಕುತೂಹಲವಿದೆ' ಎಂದು ಸೇರಿಸಿದೆ. ಕಳಿಸುವ ಗುಂಡಿ ಒತ್ತಿದೆ. ಮರುಕ್ಷಣ ನನ್ನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಏಕೆಂದರೆ ತಮ್ಮ ಬಳಗದ ವ್ಯವಸ್ಥೆ ಅಷ್ಟು ಚುರುಕು: ಯಾವ ಭಾಗದ ಮೇಲೆ ದೂರು ಬರುತ್ತದೆಯೋ ಅದು ಮನುಷ್ಯರ ಕೈ ಸೋಕದೆ ನೇರವಾಗಿ ಆ ಭಾಗದ ಪಾಲಕನಿಗೆ ಹೋಗುತ್ತದೆ. "ಏನೋ ಅದು?" ಎಂದಳು. ದೂರು ತಲುಪಿದೆಯಂತೆ ಎಂದೆ. "ಯಾರಿಗೆ?" ಸಂಬಂಧಪಟ್ಟವರಿಗೆ ಎಂದೆ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ. ಆದರೆ ಪದವಿ ಬಂದ ಹೊಸತರಲ್ಲಿ, ದೊಡ್ಡ ದೊಡ್ಡ ಪಾಲಕರ ಠೀವಿ ಕಂಡು ಆಸೆಪಟ್ಟು, ನನಗೆ ಬರುವ ದೂರುಗಳಿಗೆಲ್ಲ ತಾನಾಗಿ ಹೋಗುವಂಥ ಒಂದು ಉತ್ತರವನ್ನು ನಾನು ಸಿದ್ಧಪಡಿಸಿಟ್ಟಿದ್ದೆ. ಇಷ್ಟು ದಿನ ಯಾರೂ ದೂರು ಕೊಡದ್ದರಿಂದ ಮರೆತೇ ಹೋಗಿತ್ತು. ಅಕ್ಕನ ಕಂಪ್ಯೂಟರು ಒಮ್ಮೆ ಕೆಮ್ಮಿತು. ಪರದೆಯ ಮೇಲೆ ಮೂಡಿದ್ದನ್ನು ಅಕ್ಕನ ಮಗಳು, ಪೆನ್ಸಿಲ್ ಖ್ಯಾತಿಯವಳು, ಎಲ್ಲರಿಗೂ ಕೇಳುವಂತೆ ಓದಿದಳು: "ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇನೆ. ಆದರೆ ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಅತ್ಯುತ್ತಮವಾಗಿದೆ. ದೋಷ ತಮ್ಮ ಬಳಕೆಯಲ್ಲೇ ಇರಬಹುದು. ಇಂತಿ, ಪಾಲಕ." ಅದರ ಕೆಳಗೆ ನನ್ನ ಹೆಸರು, ದಪ್ಪಕ್ಷರದಲ್ಲಿ. "ಮಾಮ, ಸಂಬಂಧಪಟ್ಟವರು ಅಂದ್ರೆ ನೀನೇನಾ?" ಎಂದು ಅವಳು ಕೇಳಿದ ಧ್ವನಿಯಲ್ಲಿ ನಿಜವಾದ ವಿದ್ಯಾರ್ಥಿಯ ಜ್ಞಾನದಾಹವಿತ್ತು. ಅಕ್ಕ ಎದ್ದು, ನೂಲು ಬಿಚ್ಚುವ ಕೊಕ್ಕೆಯನ್ನು ತಂದು ನನ್ನ ಕೈಗಿಟ್ಟು, ಸ್ವೆಟರಿನ ರಾಶಿಯನ್ನು ನನ್ನ ಕಡೆಗೆ ಸರಿಸಿದಳು. "ಸಂಬಂಧಪಟ್ಟವರು ಕೂತ್ಕೊಂಡು ಬಿಚ್ಚಲಿ."

ಬಿಚ್ಚಿದೆ. ನೂಲನ್ನು ಹರಿಯದೆ ಸ್ವೆಟರು ಬಿಚ್ಚುವುದು ಎಂಥ ಕೆಲಸವೆಂದು ಬಲ್ಲವರೇ ಬಲ್ಲರು. ಒಂದೊಂದು ಕಣ್ಣು ಕಳಚುವಾಗಲೂ ಗೂಬೆ ನನ್ನನ್ನೇ ನೋಡುತ್ತಿತ್ತು. ಬೆರಳು ಮರಗಟ್ಟಿದ ಮೇಲೆ ತಮಗೆ ಪತ್ರ ಬರೆದೆ. ಮೊದಲ ಬಾರಿಗೆ ಪ್ರಾಸವಿಲ್ಲದೆ, ನಡೆದದ್ದನ್ನು ನಡೆದಂತೆ. ತಾವು ಬಯ್ಯಲಿಲ್ಲ. ಕೇಳಬೇಕಾದ್ದನ್ನು ಕೇಳಿದಿರಿ, ಚಿತ್ರಗಳನ್ನು ತರಿಸಿಕೊಂಡಿರಿ, ಇ-ಮೇಲು ಬಂದ ಹೊತ್ತಿಗೇ ಕಣ್ಣು ಹೆಚ್ಚಾಗುತ್ತಿದೆಯೇ ಗಮನಿಸಿ ಎಂದಿರಿ. ಗಮನಿಸಿದೆವು, ಹೌದಾಗಿತ್ತು. ಆಗ ವಿವರಿಸಿದಿರಿ: ಈ ಹಳೆಯ ಚಿಪ್ಪಿನ ಹತ್ತಿರ ಇರುವುದು ಒಂದೇ ತಟ್ಟೆ, ಬಡಿಸಿದ್ದನ್ನು ಅದು ಉಂಡು ಮುಗಿಸಿದ ಮೇಲೇ ಮುಂದಿನ ತುತ್ತು ಬಡಿಸಬೇಕು. ಹೊಸ ಕಂಪ್ಯೂಟರುಗಳು ಚೂರು ಬೇಗ ಓಡಲೆಂದು ಯಾರೋ ಆ ಕಾಯುವಿಕೆಯನ್ನು ಮೊಟಕು ಮಾಡಿದ್ದರು. ಇ-ಮೇಲಿನ ಗಡಿಬಿಡಿಯಲ್ಲಿ ಒಂದು ತುತ್ತಿನ ಮೇಲೆ ಇನ್ನೊಂದು ಬಿದ್ದು, ಒಂದು ಸಾಲು ಕಳೆದುಹೋಗಿ, ಗೂಬೆಯ ಮುಖ ಪಲ್ಲಟವಾಗುತ್ತಿತ್ತು. ವೇಷಧಾರಿ ಚಿಪ್ಪಿಗೆ ಹಸಿವೂ ಇಲ್ಲ, ಗಂಟಲೂ ಇಲ್ಲ, ಆದ್ದರಿಂದ ಅಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ತಾವು ತಿದ್ದುಪಡಿ ಬರೆದು ಕಳಿಸಿದಿರಿ, ಜೊತೆಗೆ ಒಂದು ಸಾಲು: "ಈ ಸಲ ದಯವಿಟ್ಟು ನಿಜವಾದ ನೂಲಿನ ಮೇಲೆ." ಆ ತಿದ್ದುಪಡಿಯ ಫಲವೇ ಈ ಪತ್ರದ ಮೊದಲಲ್ಲಿ ನಾನು ಲೋಕಕ್ಕೆ ಸಾರಿದ ಎರಡು ಕಣ್ಣುಗಳು. ಅಕ್ಕ ಈಗ ಹಿಡಿ ಎಳೆಯುತ್ತಿದ್ದಾಳೆ, ಈ ಚಳಿಯ ಸ್ವೆಟರುಗಳು ಚಳಿಗೆ ಮೊದಲೇ ಮುಗಿಯುವಂತಿವೆ.

ಇನ್ನು ನನ್ನ ಬೇಡಿಕೆಗಳು. ಮೇಲ್ಕಂಡ ಪಾಲಕನನ್ನು ತಕ್ಷಣ ವಜಾ ಮಾಡಬೇಕು. ಅವನು ಸೋಮಾರಿ, ಸುಳ್ಳುಸಾಕ್ಷಿ, ಸಾಲದ್ದಕ್ಕೆ ಅಂಕಣಕಾರ. ಅವನ ಮೇಲೆ ವಿಚಾರಣಾ ಸಮಿತಿ ರಚಿಸಬೇಕು. ಅವನನ್ನು ಹತ್ತಿರದಿಂದ ಬಲ್ಲವನಾದ್ದರಿಂದ ಸಮಿತಿಯಲ್ಲಿ ನನ್ನನ್ನೂ ಸೇರಿಸಬಹುದು. ಆದರೆ ಪಾಲಕನಿಲ್ಲದ ಭಾಗವನ್ನು ಮುಂದಿನ ಆವೃತ್ತಿಯಲ್ಲೇ ತೆಗೆದುಹಾಕುವುದು ತಮ್ಮ ನಿಯಮವಾದ್ದರಿಂದ, ದಯವಿಟ್ಟು ಅವನನ್ನು ವಜಾ ಮಾಡಬಾರದು. ವಜಾ ಮಾಡಿಯೂ ಮಾಡದಿರುವ ಒಂದು ಗುಂಡಿ ತಮ್ಮಲ್ಲಿ ಇದ್ದರೆ ಅದನ್ನು ಒತ್ತಬೇಕು. ಪ್ರಪಂಚದ ಎಲ್ಲ ಕಂಪ್ಯೂಟರ್ ಕಂಪನಿಗಳ ಯಜಮಾನರು ವರ್ಷಕ್ಕೊಂದು ಸಲ ನಮ್ಮ ಅಕ್ಕನ ಮನೆಗೆ ಬಂದು, ಕೂರಲು ಜಾಗವಿಲ್ಲದೆ ನಿಂತುಕೊಂಡೇ, ಒಂಬತ್ತು ಕಡ್ಡಿಯ ಕಿಂಡಿಯನ್ನು ತೆಗೆದದ್ದೇಕೆಂದು ಅವಳಿಗೆ ವಿವರಿಸುವಂತೆ ಏರ್ಪಾಡು ಮಾಡಬೇಕು. 'ಹೊಸದು ತಗೊಂಡ್ಬಿಡಿ' ಎಂದು ಸಲಹೆ ಕೊಡುವ ಪ್ರತಿಯೊಬ್ಬರೂ, ಸಲಹೆಗೆ ಮುನ್ನ, ಒಂದು ತೋಳನ್ನಾದರೂ ಕೈಯಲ್ಲಿ ಹೆಣೆದು ತೋರಿಸಬೇಕೆಂದು ಕಾನೂನು ತರಬೇಕು. ಕಾಲವನ್ನು ನಿಲ್ಲಿಸಬೇಕು, ಪೂರ್ತಿ ಬೇಡ, ಅಕ್ಕನ ಮುಂದಿನ ಕೋಣೆಯಷ್ಟು ಜಾಗದಲ್ಲಿ ಸಾಕು.

ಇಷ್ಟೆಲ್ಲದರ ನಡುವೆ ತಾವು ನನ್ನ ಗೌರವಾರ್ಥ ಒಂದು ಹೊಸ ನಿಯಮವನ್ನೇ ಮಾಡಿದ್ದೀರಿ ಎಂದು ತಿಳಿದು ಧನ್ಯನಾದೆ. ಇನ್ನು ಮುಂದೆ ಹಳೆಯ ಕಂಪ್ಯೂಟರುಗಳ ಯಾವ ತಿದ್ದುಪಡಿಗೂ ಪಾಲಕನೊಬ್ಬನ ಮಾತು ನಡೆಯುವುದಿಲ್ಲ. ಬೇರೆ ಬೇರೆ ಮನೆಗಳಲ್ಲಿರುವ ಎರಡು ನಿಜವಾದ ಕಂಪ್ಯೂಟರುಗಳ ಸಾಕ್ಷಿ ಬೇಕು. ನ್ಯಾಯವಾದ ನಿಯಮ. ಒಂದು ಸಾಕ್ಷಿ ಅಕ್ಕನ ಮೇಜಿನ ಮೇಲಿದೆ. ಎರಡನೆಯದು ಎಲ್ಲಿಯೂ ಇಲ್ಲ. ಬಳಗದಲ್ಲಿ ಕೇಳಿದೆ. ಒಬ್ಬರು ತಮ್ಮದನ್ನು ಗುಜರಿಗೆ ಹಾಕಿಬಿಟ್ಟರಂತೆ, ಇನ್ನೊಬ್ಬರು ಅದರ ಮೇಲೆ ಹೂಕುಂಡ ಇಟ್ಟು ನೀರು ಹಾಕುತ್ತಿದ್ದಾರಂತೆ. ಈ ತಿಂಗಳ ಕೊನೆಯೊಳಗೆ ಎರಡನೆಯ ಸಾಕ್ಷಿ ಸಿಗದಿದ್ದರೆ ತಿದ್ದುಪಡಿ ಸೇರುವುದಿಲ್ಲ, ತಿದ್ದುಪಡಿ ಸೇರದಿದ್ದರೆ ದೋಷವುಳ್ಳದ್ದೆಂದು ಚಿಪ್ಪಿನ ಭಾಗವೇ ಹೋಗುತ್ತದೆ, ಮುಂದಿನ ಚಳಿಗೆ ಇ-ಮೇಲಿನ ಬೀಗ ಬದಲಾದಾಗ ಅಕ್ಕ ಹೊರಗೆ ನಿಲ್ಲುತ್ತಾಳೆ, ಕಮಿಟಿಯವರು ಫ್ಯಾಕ್ಟರಿಗೆ ಫೋನು ಮಾಡುತ್ತಾರೆ. ತಾವು ನಿಯಮ ಸಡಿಲಿಸಬೇಕೆಂದು ನಾನು ಕೇಳುವುದಿಲ್ಲ. ನನ್ನಂಥವರಿಂದ ಅಕ್ಕನಂಥವರನ್ನು ಕಾಪಾಡಲು ಆ ನಿಯಮ ಬೇಕು. ಹಾಗೆಂದೇ ಈ ಪತ್ರವನ್ನು ತಮ್ಮ ವಿಳಾಸಕ್ಕೆ ಬರೆದು, ಊರೆಲ್ಲ ಓದುವ ಕಡೆ ಅಚ್ಚು ಹಾಕಿಸುತ್ತಿದ್ದೇನೆ.

ತಮ್ಮ ಸಹನೆಗೆ ನಮಸ್ಕರಿಸುತ್ತಾ,

ಇಂತಿ ತಮ್ಮ ವಿಶ್ವಾಸಿ
(ವಿಶ್ವಾಸಕ್ಕೆ ಅರ್ಹನಲ್ಲದಿದ್ದರೂ),
ದೂರುದಾರನೂ ಆರೋಪಿಯೂ ಆದ ಪಾಲಕ

ವಿ.ಸೂ.: ಕಡಲಾಮೆಯವರು ಇದನ್ನು ಓದುವ ಅಗತ್ಯವಿಲ್ಲ, ಓದಿದರೆ ಇನ್ನೊಬ್ಬರನ್ನು ಯಾವುದಕ್ಕಾದರೂ ನೇಮಿಸಿಬಿಡುತ್ತಾರೆ. ಈ ಮಾತು ಓದುಗರಿಗೆ. ನಿಮ್ಮ ಮನೆಯ ಅಟ್ಟದಲ್ಲಿ, ಮಂಚದ ಕೆಳಗೆ, ಅಥವಾ ನೀವು ಐದು ವರ್ಷದಿಂದ 'ಈ ಭಾನುವಾರ ಕ್ಲೀನ್ ಮಾಡ್ತೀನಿ' ಎನ್ನುತ್ತಿರುವ ಆ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರು ಇದ್ದೇ ಇದೆ. ಇಲ್ಲವೆಂದು ನನಗೆ ಸುಳ್ಳು ಹೇಳಬೇಡಿ, ಆ ವಿದ್ಯೆಯಲ್ಲಿ ನಾನು ನಿಮಗಿಂತ ಹಿರಿಯ. ಅದನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆಳೆದು ಬೆನ್ನು ನೋಡಿ. ಎರಡು ಸಾಲಿನಲ್ಲಿ, ಮೇಲೆ ಐದು, ಕೆಳಗೆ ನಾಲ್ಕು ಕಡ್ಡಿಗಳಿರುವ ಕಿಂಡಿ ಕಂಡರೆ ಆ ಕಿಂಡಿಯದೊಂದು ಫೋಟೊ ತೆಗೆದು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮಿಕ್ಕದ್ದನ್ನು ಅಕ್ಕನ ಮಗಳು ನಿಮ್ಮ ಮನೆಗೇ ಬಂದು ಮಾಡುತ್ತಾಳೆ, ನನ್ನನ್ನು ಮುಟ್ಟಲು ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದಾಳೆ. ಮೇಲೆ ಹೂಕುಂಡವಿದ್ದರೆ, ಅವಳು ಬರುವವರೆಗೆ ನೀರು ಮಾತ್ರ ಹಾಕಬೇಡಿ.